ಚಿಪ್ಪಿನ ಮೇಲಿನ ಹೆಸರು

ಪ್ರತಿ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇದ್ದೇ ಇರುತ್ತೆ. ಯಾವ ಫೋನಿನದ್ದು ಅಂತ ಮರೆತುಹೋದ ಚಾರ್ಜರ್, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನ್, ಯಾವುದಕ್ಕೂ ಹೊಂದದ ಕನ್ವರ್ಟರ್. ಎಸೆಯೋಕೆ ಮನಸ್ಸು ಬರಲ್ಲ, ಇಟ್ಟುಕೊಂಡ್ರೆ ಕೆಲಸಕ್ಕೆ ಬರಲ್ಲ. ನಾನು ಹೊಟ್ಟೆಪಾಡಿಗೆ ಫರ್ಮ್‌ವೇರ್ ಬರೆಯುವವನು. ಹಾಗಾಗಿ ನನ್ನ ಡ್ರಾಯರಿನಲ್ಲಿ ಒಂದೇ ಜಾತಿಯ ಸಾಮಾನು ಜಾಸ್ತಿ: ಯುಎಸ್‌ಬಿಯನ್ನು ಸೀರಿಯಲ್ ಪೋರ್ಟಿಗೆ ಬದಲಾಯಿಸುವ ಅಡಾಪ್ಟರ್‌ಗಳು. ಎಣಿಸಿದ್ರೆ ಹದಿನಾಲ್ಕು. ಹೆಬ್ಬೆರಳಿನಷ್ಟು ಉದ್ದದ ಕೆಂಪು ಬೋರ್ಡು, ಮಧ್ಯದಲ್ಲೊಂದು ಕಪ್ಪು ಚಿಪ್, ಎರಡು ಪುಟ್ಟ ದೀಪ. ಎಸ್.ಪಿ. ರೋಡಿನಲ್ಲಿ ಒಂದಕ್ಕೆ ಇನ್ನೂರು ರೂಪಾಯಿ ಆಸುಪಾಸು. ಹದಿನಾಲ್ಕರಲ್ಲಿ ಅಸಲಿ ಎಷ್ಟು ಅಂತ ಕೇಳಿದ್ರೆ, ಎರಡು.

ಈಗಿನ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು ಅಂತ ನಿಮಗೆ ಅನ್ನಿಸಬಹುದು. ಸೀರಿಯಲ್ ಪೋರ್ಟಿನ ಆರ್‌ಎಸ್-232 ಅನ್ನೋ ನಿಯಮಾವಳಿ ಬಂದಿದ್ದು 1960ರಲ್ಲಿ. ಯುಎಸ್‌ಬಿ ಬಂದಿದ್ದು 1996ರಲ್ಲಿ. ಆಮೇಲೆ ನಿಧಾನವಾಗಿ ಲ್ಯಾಪ್‌ಟಾಪಿನ ಬೆನ್ನಿಂದ ಆ ಒಂಬತ್ತು ಪಿನ್ನಿನ ಪೋರ್ಟು ಮಾಯವಾಯ್ತು. ಆದ್ರೆ ಅದನ್ನು ನಂಬಿಕೊಂಡಿದ್ದ ಯಂತ್ರಗಳು ಮಾಯವಾಗಲಿಲ್ಲ. ಪೀಣ್ಯದ ಲೇತ್ ಮೆಷಿನ್ನು, ರಕ್ತಪರೀಕ್ಷೆಯ ಲ್ಯಾಬಿನ ಅನಲೈಸರ್, ನಿಮ್ಮ ಆಫೀಸಿನ ಸರ್ವರ್ ರೂಮಿನಲ್ಲಿರುವ ನೆಟ್‌ವರ್ಕ್ ಸ್ವಿಚ್, ಲಾರಿ ತೂಗುವ ವೇಬ್ರಿಡ್ಜ್, ಇವೆಲ್ಲ ಇವತ್ತಿಗೂ ಆ ಹಳೇ ಭಾಷೆಯಲ್ಲೇ ಮಾತಾಡುತ್ವೆ. ಹಳೇ ಯಂತ್ರಕ್ಕೂ ಹೊಸ ಕಂಪ್ಯೂಟರಿಗೂ ಮಧ್ಯೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಈ ಅಡಾಪ್ಟರು.

ಇದರೊಳಗೆ ಸಾಮಾನ್ಯವಾಗಿ ಕಾಣಿಸುವ ಹೆಸರು ಎಫ್‌ಟಿ232ಆರ್‌ಎಲ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ಎಫ್‌ಟಿಡಿಐ ಅನ್ನೋ ಕಂಪನಿಯ ಚಿಪ್ ಅದು. ಕಂಪನಿ ಶುರುವಾಗಿದ್ದು 1992ರಲ್ಲಿ. ಒಳ್ಳೇ ಚಿಪ್, ಒಳ್ಳೇ ಹೆಸರು. ಆದ್ರೆ ಆ ಹೆಸರಿಗೆ ಇನ್ನೂ ಒಂದು ಬೆಲೆ ಇದೆ. ಯಾವುದೇ ಯುಎಸ್‌ಬಿ ಸಾಧನವನ್ನು ಚುಚ್ಚಿದ ತಕ್ಷಣ ಅದು ಕಂಪ್ಯೂಟರಿಗೆ ಎರಡು ನಂಬರ್ ಹೇಳುತ್ತೆ, ನಮ್ಮ ಗಾಡಿಗಳ ನಂಬರ್ ಪ್ಲೇಟ್ ಇದ್ದ ಹಾಗೆ. ಒಂದು ಕಂಪನಿಯ ನಂಬರ್, ಇನ್ನೊಂದು ಸಾಮಾನಿನ ನಂಬರ್. ಎಫ್‌ಟಿ232ಆರ್‌ಎಲ್ ಹೇಳೋದು 0403 ಮತ್ತು 6001. ಇವೆರಡನ್ನು ಕೇಳಿದ್ರೆ ಸಾಕು, ವಿಂಡೋಸ್ ತಾನೇ ಹೋಗಿ ಆ ಕಂಪನಿಯ ಡ್ರೈವರ್ ತಂದು ಹಾಕಿಕೊಳ್ಳುತ್ತೆ. ಈ ಎರಡು ನಂಬರ್ ಕದ್ದವನಿಗೆ ಡ್ರೈವರ್ ಬರೆಯುವ ತಾಪತ್ರಯವೂ ಇಲ್ಲ, ಹೊಸ ಹೆಸರನ್ನು ನಂಬಿ ಅಂತ ಗಿರಾಕಿಯನ್ನು ಗೋಗರೆಯುವ ತಾಪತ್ರಯವೂ ಇಲ್ಲ. ಪಕ್ಕದವರ ಗಾಡಿಯ ನಂಬರನ್ನು ತನ್ನ ಗಾಡಿಗೆ ಹಚ್ಚಿಕೊಂಡು ಟೋಲ್ ದಾಟಿದ ಹಾಗೆ.

2014ರ ಫೆಬ್ರವರಿಯಲ್ಲಿ ಝೆಪ್ಟೋಬಾರ್ಸ್ ಅನ್ನೋ ತಂಡ ಅಸಲಿ ಚಿಪ್ ಒಂದನ್ನೂ ನಕಲಿ ಚಿಪ್ ಒಂದನ್ನೂ ಕರಗಿಸಿ, ಒಳಗಿನ ಸಿಲಿಕಾನ್‌ನ ಫೋಟೋ ಪ್ರಕಟಿಸಿತು. ಹೊರಗಿಂದ ಅಣ್ಣತಮ್ಮಂದಿರ ಹಾಗಿದ್ದ ಎರಡು ಚಿಪ್‌ಗಳ ಒಳಗೆ ಸಂಬಂಧವೇ ಇರಲಿಲ್ಲ. ನಕಲಿಯೊಳಗೆ ಇದ್ದಿದ್ದು ಒಂದು ಪುಟ್ಟ ಮೈಕ್ರೋಕಂಟ್ರೋಲರ್. ಎಫ್‌ಟಿ232ಆರ್‌ಎಲ್ ಹೇಗೆ ವರ್ತಿಸುತ್ತೋ ಹಾಗೇ ನಟಿಸು ಅಂತ ಅದಕ್ಕೆ ಪ್ರೋಗ್ರಾಂ ಬರೆದಿದ್ರು. ಕದ್ದ ಮಾಲಲ್ಲ, ರಿಜೆಕ್ಟ್ ಆದ ಮಾಲೂ ಅಲ್ಲ. ಯಾರೋ ತಲೆ ಖರ್ಚು ಮಾಡಿ, ದುಡ್ಡು ಸುರಿದು, ನಿಜವಾಗಿಯೂ ಕೆಲಸ ಮಾಡುವ ಒಂದು ಚಿಪ್ ತಯಾರಿಸಿದ್ದಾರೆ. ಕೊನೆಗೆ ಅದರ ಮೇಲೆ ಬೇರೆಯವರ ಹೆಸರು ಹಾಕಿದ್ದಾರೆ. ಇಷ್ಟು ಗೊತ್ತಿರುವವರಿಗೆ ಸ್ವಂತ ಹೆಸರಿನಲ್ಲಿ ಮಾರೋಕೆ ಏನಾಗಿತ್ತು ಅಂತ ನನಗೆ ಇವತ್ತಿಗೂ ಬೇಜಾರು.

ಅದೇ ವರ್ಷ ಅಕ್ಟೋಬರಿನಲ್ಲಿ ಗಲಾಟೆ ಎದ್ದಿತು. ವಿಂಡೋಸ್ ಅಪ್‌ಡೇಟ್ ಮೂಲಕ ಎಫ್‌ಟಿಡಿಐನ ಹೊಸ ಡ್ರೈವರ್ ಬಂತು. ಅದನ್ನು ಹಾಕಿಕೊಂಡ ಕಂಪ್ಯೂಟರಿಗೆ ನಕಲಿ ಅಡಾಪ್ಟರ್ ಚುಚ್ಚಿದ್ರೆ ಅದರ 6001 ಅಳಿಸಿಹೋಗಿ 0000 ಆಗಿಬಿಡುತ್ತಿತ್ತು. ನಂಬರ್ ಪ್ಲೇಟ್ ಕಿತ್ತುಕೊಂಡ ಗಾಡಿ ಯಾವ ರಸ್ತೆಗೆ ಇಳಿಯೋಕೆ ಸಾಧ್ಯ? ಆ ಕಂಪ್ಯೂಟರಿನಲ್ಲಷ್ಟೇ ಅಲ್ಲ, ಬೇರೆ ಯಾವುದಕ್ಕೆ ಚುಚ್ಚಿದ್ರೂ ಸತ್ತ ಹಾಗೇ. ಅಸಲಿಗೆ ಏನೂ ಆಗದೆ ನಕಲಿಗೆ ಮಾತ್ರ ಹೀಗಾಗಿದ್ದು ಹೇಗೆ ಅಂತ ಕೆದಕಿದವರಿಗೆ ಸಿಕ್ಕ ಉತ್ತರ ಸ್ವಾರಸ್ಯವಾಗಿದೆ. ಅಸಲಿ ಚಿಪ್ ತನ್ನ ಮೆಮೊರಿಗೆ ಬರೆದುಕೊಳ್ಳೋದು ಎರಡೆರಡು ಪದ ಜೋಡಿಯಾಗಿ ಬಂದಾಗ ಮಾತ್ರ. ಅರ್ಧ ಬಂದ್ರೆ ಸುಮ್ಮನಿರುತ್ತೆ. ನಕಲಿಗೆ ಆ ಬಿಗುಮಾನ ಇಲ್ಲ, ಬಂದಿದ್ದನ್ನು ಬಂದ ಹಾಗೇ ಬರೆದುಕೊಳ್ಳುತ್ತೆ. ಡ್ರೈವರ್ ಅರ್ಧ ಮಾತ್ರ ಕಳಿಸಿತು. ಹೇಳಿದ ಮಾತನ್ನು ಹೆಚ್ಚು ವಿಧೇಯವಾಗಿ ಕೇಳಿದ್ದೇ ನಕಲಿಗೆ ಮುಳುವಾಯ್ತು.

ಕಂಪನಿಯ ಸಿಟ್ಟು ನನಗೆ ಅರ್ಥವಾಗುತ್ತೆ. ಡ್ರೈವರ್ ಬರೆದಿದ್ದು ಅವರು, ವರ್ಷಗಟ್ಟಲೆ ಸರಿಪಡಿಸುತ್ತಾ ಬಂದಿದ್ದು ಅವರು. ನಕಲಿ ಕೈಕೊಟ್ಟಾಗ ಬೈಸಿಕೊಳ್ಳೋದೂ ಅವರ ಹೆಸರೇ. ಆದ್ರೆ ಏಟು ಬಿದ್ದಿದ್ದು ಯಾರಿಗೆ? ನಕಲಿ ಮಾಡಿದವನಿಗೆ ಯಾವಾಗಲೋ ದುಡ್ಡು ಬಂದಾಗಿತ್ತು. ಸಗಟು ವ್ಯಾಪಾರಿಗೂ ಬಂದಾಗಿತ್ತು, ಅಂಗಡಿಯವನಿಗೂ ಬಂದಾಗಿತ್ತು. ಸರಪಳಿಯ ತುದಿಯಲ್ಲಿ, ಏನೂ ಗೊತ್ತಿಲ್ಲದೆ ಕೊಂಡವನ ಮೇಜಿನ ಮೇಲೆ ಸಾಮಾನು ಸತ್ತುಬಿತ್ತು. ಜನ ಕೂಗಾಡಿದ ಮೇಲೆ ಕೆಲವೇ ದಿನಗಳಲ್ಲಿ ಆ ಡ್ರೈವರ್ ವಾಪಸ್ ಹೋಯ್ತು. ಅಷ್ಟರಲ್ಲಿ ಜನ ರಿಪೇರಿಯ ದಾರಿಯನ್ನೂ ಹುಡುಕಿಕೊಂಡಿದ್ರು. ಲಿನಕ್ಸ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಿಸಿ ಮತ್ತೆ 6001 ಅಂತ ಬರೆದು, ವಿಂಡೋಸ್‌ನಲ್ಲಿ ಹಳೇ ಡ್ರೈವರ್‌ಗೆ ಹೋದ್ರೆ ಜೀವ ಬರುತ್ತಿತ್ತು. ಲಿನಕ್ಸ್ ಕರ್ನೆಲ್‌ಗೂ ಒಂದು ಸಾಲು ಸೇರಿತು: 0000 ಅಂತ ಹೇಳಿಕೊಂಡು ಬರುವ ಇಂಥ ಬಡಪಾಯಿಗಳನ್ನೂ ಒಳಗೆ ಬಿಟ್ಟುಕೋ ಅಂತ.

2016ರಲ್ಲಿ ಇನ್ನೊಂದು ರೂಪ ಬಂತು. ಈ ಸಲದ ಡ್ರೈವರ್ ನಕಲಿ ಚಿಪ್ಪನ್ನು ಸಾಯಿಸಲಿಲ್ಲ. ಬದಲಿಗೆ ಯಂತ್ರ ಕಳಿಸುವ ಮಾಹಿತಿಯ ಜಾಗದಲ್ಲಿ 'ನಾನ್ ಜೆನ್ಯುಯಿನ್ ಡಿವೈಸ್ ಫೌಂಡ್!' ಅನ್ನೋ ಸಾಲನ್ನು ತುರುಕಿತು. ಅಸಲಿಯಲ್ಲದ ಸಾಧನ ಸಿಕ್ಕಿದೆ ಅಂತ. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಆ ತುದಿಯಲ್ಲಿ ಯಾವ ಯಂತ್ರ ಇರಬಹುದು, ಅದು ಕಳಿಸುವ ನಂಬರಿಗಾಗಿ ಯಾರು ಕಾಯ್ತಿರಬಹುದು ಅಂತ ಯೋಚನೆ ಹತ್ತಿದ್ದು ನಮ್ಮ ಮಾವನ ವೇಬ್ರಿಡ್ಜ್ ನಿಂತಾಗ.

ನನ್ನ ಸೋದರಮಾವ ತಿಪಟೂರಿನ ಹತ್ತಿರ ವೇಬ್ರಿಡ್ಜ್ ಇಟ್ಟುಕೊಂಡಿದ್ದಾರೆ. ಕೆಎ-44 ನಂಬರಿನ ಟ್ರಾಕ್ಟರುಗಳು, ಲಗೇಜ್ ಆಟೋಗಳು, ಲಾರಿಗಳು ದಿನವಿಡೀ ಬರುತ್ವೆ. ಕೊಬ್ಬರಿ, ತೆಂಗಿನಕಾಯಿ, ರಾಗಿ, ಜಲ್ಲಿ. ಗಾಡಿ ಕಟ್ಟೆಯ ಮೇಲೆ ನಿಂತಾಗ ಕಿಟಕಿಯೊಳಗಿನ ಇಂಡಿಕೇಟರಿನಲ್ಲಿ ಕೆಂಪಕ್ಷರದ ತೂಕ ಬರುತ್ತೆ. ಅಲ್ಲಿಂದ ಒಂದು ವೈರು ಕಂಪ್ಯೂಟರಿಗೆ. ಕಂಪ್ಯೂಟರಿನಿಂದ ಚೀಟಿ ಪ್ರಿಂಟಾಗಿ ಹೊರಗೆ. ಕಳೆದ ಬೇಸಿಗೆಯಲ್ಲಿ ಕಂಪ್ಯೂಟರಿಗೆ ತೂಕ ಬರೋದು ನಿಂತುಹೋಯ್ತು. ಇಂಡಿಕೇಟರಿನಲ್ಲಿ ನಂಬರ್ ಸರಿಯಾಗಿ ಕಾಣ್ತಿದೆ, ಕಂಪ್ಯೂಟರಿನಲ್ಲಿ ಖಾಲಿ. ಮಾವ ಪೆನ್ನು ತಗೊಂಡು ಚೀಟಿ ಬರೆದುಕೊಡೋಕೆ ಶುರುಮಾಡಿದ್ರು.

ಬರೆದುಕೊಟ್ರೆ ಏನಾಯ್ತು ಅಂತ ನಾವಂದುಕೊಳ್ಳಬಹುದು. ಮಂಡಿಯಲ್ಲಿ ಹಾಗಲ್ಲ. ಎರಡನೇ ದಿನಕ್ಕೇ ಒಬ್ಬರು ಕೇಳಿದ್ರಂತೆ: "ಯಾಕ್ ಸ್ವಾಮಿ, ಇದುವರ್ಗೂ ಪ್ರಿಂಟ್ ಬರ್ತಿತ್ತು, ನಮ್ ಲೋಡಿಗ್ ಮಾತ್ರ ಕೈಯಲ್ ಬರೀತೀರಾ?" ಇಪ್ಪತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು ತೂಗಿದ ಮನುಷ್ಯ. ಫೋನಿನಲ್ಲಿ ಮಾವ ರಿಪೇರಿಯ ಖರ್ಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕೆಟ್ ಹೆಸ್ರು ಬರ್ತದೆ ಕಣೋ, ಈ ವಾರ ಬರೋಕಾಯ್ತದಾ?" ಅಂದ್ರು, ಅಷ್ಟೇ. ಶನಿವಾರ ಬೆಳಿಗ್ಗೆ ಸೋಲ್ಡರಿಂಗ್ ಐರನ್ನು, ಮಲ್ಟಿಮೀಟರು, ಭೂತಗನ್ನಡಿ ಬ್ಯಾಗಿಗೆ ಹಾಕಿಕೊಂಡು ಟ್ರೈನ್ ಹತ್ತಿದೆ.

ಇಂಡಿಕೇಟರಿಗೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇತ್ತು. ಯಾವುದೋ ಕಾಲದಲ್ಲಿ ಸರ್ವೀಸಿನವರು ಕೂರಿಸಿಕೊಟ್ಟಿದ್ದು. ಬಿಚ್ಚಿದ್ರೆ ಒಳಗೆ ನನ್ನ ಡ್ರಾಯರಿನ ಹಳೇ ಪರಿಚಯ: ಕೆಂಪು ಬೋರ್ಡು. ಪಕ್ಕದಲ್ಲಿ ವೋಲ್ಟೇಜ್ ಹೊಂದಿಸುವ ಇನ್ನೊಂದು ಸಣ್ಣ ಬೋರ್ಡು. ಕೆಂಪು ಬೋರ್ಡನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಎಫ್‌ಟಿ232ಆರ್‌ಎಲ್ ಅಂತ ಗುರುತು ಹೇಳಿಕೊಂಡಿತು. ಹಾಗಾದ್ರೆ ಸತ್ತಿಲ್ಲ. ಮುಂದಿನ ಪರೀಕ್ಷೆ ಬಹಳ ಸರಳ, ನೀವೂ ಮಾಡಬಹುದು. ಅಡಾಪ್ಟರಿನ ಮಾತಾಡುವ ಪಿನ್ನನ್ನೂ ಕೇಳಿಸಿಕೊಳ್ಳುವ ಪಿನ್ನನ್ನೂ, ಅಂದ್ರೆ ಟಿಎಕ್ಸ್ ಮತ್ತು ಆರ್‌ಎಕ್ಸ್, ಒಂದು ವೈರಿನಿಂದ ಸೇರಿಸೋದು. ಆಮೇಲೆ ಟರ್ಮಿನಲ್ಲಿನಲ್ಲಿ ಏನಾದರೂ ಟೈಪ್ ಮಾಡೋದು. ಬಾವಿಗೆ ಕೂಗಿದ ಹಾಗೆ, ನಾವು ಕೂಗಿದ್ದೇ ನಮಗೆ ವಾಪಸ್ ಬರಬೇಕು. ಟೈಪ್ ಮಾಡಿದೆ. ಏನೂ ಬರಲಿಲ್ಲ.

ಚಿಪ್ಪೇನಾದರೂ ಬಿಸಿಯಾಗಿದೆಯಾ ಅಂತ ಬೆರಳಿಟ್ಟೆ. ಅಕ್ಷರಗಳು ಬಂದ್ವು! ಬೆರಳು ತೆಗೆದೆ, ನಿಂತ್ವು. ಮತ್ತೆ ಇಟ್ಟೆ, ಮತ್ತೆ ಬಂದ್ವು. ಮಾವ ಪಕ್ಕದಲ್ಲೇ ನಿಂತು ನೋಡ್ತಿದ್ರು. "ಇದೇನೋ, ದೇವ್ರು ಮೈಮೇಲ್ ಬಂದಂಗ್ ಆಡ್ತದೆ?"

ದೇವರಲ್ಲ, ಯಾವುದೋ ಪಿನ್ ಎಲ್ಲಿಗೂ ಸೇರದೆ ಗಾಳಿಯಲ್ಲಿದೆ ಅಂತ ಅರ್ಥ. ಎಲೆಕ್ಟ್ರಾನಿಕ್ಸ್‌ನಲ್ಲಿ ಹೀಗೆ ಬಿಟ್ಟ ಪಿನ್ ತ್ರಿಶಂಕು ಇದ್ದ ಹಾಗೆ. ಒಂದೋ ಸೊನ್ನೆ, ಇಲ್ಲ ಒಂದು ಅಂತ ಇರಬೇಕಾದದ್ದು ಎರಡೂ ಅಲ್ಲದೆ ತೂಗಾಡುತ್ತೆ. ಬೆರಳು, ತೇವ, ಪಕ್ಕದ ವೈರು, ಯಾವುದು ಹತ್ತಿರ ಬಂದ್ರೂ ಅತ್ತ ವಾಲುತ್ತೆ. ಮಳೆಗಾಲದಲ್ಲಿ ಚೆನ್ನಾಗಿಯೇ ನಡೀತಿತ್ತು ಅಂತ ಮಾವ ಹೇಳಿದ್ದು ಆಗ ನೆನಪಾಯ್ತು. ಎಫ್‌ಟಿ232ಆರ್‌ಎಲ್‌ಗೆ ಇಪ್ಪತ್ತೆಂಟು ಕಾಲು. ಅದರಲ್ಲಿ 26ನೆಯದು ಟೆಸ್ಟ್ ಪಿನ್, ಕಾರ್ಖಾನೆಯಲ್ಲಿ ಚಿಪ್ಪನ್ನು ಪರೀಕ್ಷೆ ಮಾಡೋಕೆ ಇಟ್ಟಿದ್ದು. ಮಾಮೂಲಿ ಕೆಲಸಕ್ಕೆ ಅದನ್ನು ಗ್ರೌಂಡಿಗೆ ಸೇರಿಸಲೇಬೇಕು, ಇಲ್ಲದಿದ್ರೆ ಚಿಪ್ಪೇ ಕೆಟ್ಟಿರುವ ಹಾಗೆ ಕಾಣುತ್ತೆ ಅಂತ ಕಂಪನಿಯ ಡೇಟಾಶೀಟಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನೋಡಿದೆ. 25ನೇ ಕಾಲು ಗ್ರೌಂಡಿನಲ್ಲಿದೆ, ಬೀಪ್ ಅಂತು. 26ನೆಯದು ಮೌನ. ಬೋರ್ಡು ಮಾಡಿದವರು ಅದನ್ನು ಎಲ್ಲಿಗೂ ಸೇರಿಸಿರಲೇ ಇಲ್ಲ.

ರಿಪೇರಿ ಅಂದ್ರೆ ಇಷ್ಟೇ. 25 ಮತ್ತು 26 ಅಕ್ಕಪಕ್ಕದ ಕಾಲುಗಳು, ಒಂದರ ನಡುವಿಂದ ಇನ್ನೊಂದರ ನಡುವಿಗೆ ಇರುವ ದೂರ 0.65 ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕ ಸೋಲ್ಡರ್ ಹನಿಯೊಂದನ್ನು ಎರಡಕ್ಕೂ ಸೇರಿಸಿ ಕೂರಿಸಿದ್ರೆ ಆಯ್ತು. ಬೇರೆ ಎಲ್ಲ ಕಡೆ ಹೀಗೆ ಎರಡು ಕಾಲು ಅಂಟಿಕೊಂಡ್ರೆ ಅದು ದೋಷ, ಬಿಡಿಸೋಕೆ ಒದ್ದಾಡ್ತೀವಿ. ಇಲ್ಲಿ ಅದೇ ಔಷಧಿ. ಭೂತಗನ್ನಡಿಯಲ್ಲಿ ನೋಡುತ್ತಾ ಉಸಿರು ಬಿಗಿಹಿಡಿದು ಹನಿ ಇಟ್ಟೆ. ಮತ್ತೆ ಟೈಪ್ ಮಾಡಿದೆ. ಬೆರಳಿಲ್ಲದೆ ಬಂತು. ಡಬ್ಬಿ ಜೋಡಿಸಿದ ಮೇಲೆ ಹೊರಗೆ ನಿಂತಿದ್ದ ಟ್ರಾಕ್ಟರಿನ ತೂಕ ಕಂಪ್ಯೂಟರಿನಲ್ಲಿ ಮೂಡಿತು. ಮಾವನ ಮುಖ ಅರಳಿತು.

ಕಥೆ ಅಲ್ಲಿಗೇ ಮುಗಿಸಿ ಊಟಕ್ಕೆ ಹೋಗಬಹುದಿತ್ತು. ಆದ್ರೆ ಭೂತಗನ್ನಡಿಯಲ್ಲಿ ನೋಡುವಾಗ ಚಿಪ್ಪಿನ ಮೇಲಿನ ಬರಹ ನನ್ನ ಕಣ್ಣಿಗೆ ಚುಚ್ಚಿತ್ತು. ಡ್ರಾಯರಿನ ಆ ಎರಡು ಅಸಲಿಗಳಲ್ಲಿ ಅಕ್ಷರಗಳನ್ನು ಲೇಸರಿನಿಂದ ಕೊರೆದಿದೆ. ಇದರಲ್ಲಿ ಬಿಳಿ ಶಾಯಿಯಲ್ಲಿ ಅಚ್ಚೊತ್ತಿದ ಹಾಗಿತ್ತು. ಬ್ಯಾಗಿನಲ್ಲಿ ನನ್ನದೇ ಒಂದು ಕೆಂಪು ಬೋರ್ಡು ಇತ್ತು, ನಕಲಿ ಅಂತ ಗೊತ್ತಿದ್ದದ್ದು. ಎರಡನ್ನೂ ಒಂದಾದ ಮೇಲೊಂದು ಚುಚ್ಚಿ ಕ್ರಮಸಂಖ್ಯೆ ನೋಡಿದೆ. ಅಸಲಿಯಾದ್ರೆ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕು. ಬೆಂಗಳೂರಿನ ಡ್ರಾಯರಿನದ್ದೂ ತಿಪಟೂರಿನ ವೇಬ್ರಿಡ್ಜಿನದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ಒಂದೇ ನಂಬರ್ ಪ್ಲೇಟಿನ ಎರಡು ಗಾಡಿ.

ಇದು ನಕಲಿ ಮಾವ, ಬೇರೆ ಹಾಕೋಣ ಅಂದೆ.

"ಕೆಲ್ಸ ಮಾಡ್ತದಲ್ಲೋ. ಇನ್ನೊಂದ್ಯಾಕೆ ದಂಡ?"

ಪ್ರಶ್ನೆ ನ್ಯಾಯವಾದದ್ದೇ. ನನ್ನ ಮೇಜಿನ ಮೇಲಾದ್ರೆ ನಾನೂ ಹಾಗೇ ಹೇಳ್ತಿದ್ದೆ. ಅಸಲಿಯೋ ನಕಲಿಯೋ, ರಿಪೇರಿಯಾಗಿದೆ, ಸಾಕು. ಆದ್ರೆ ಆ ಕಿಟಕಿಯ ಹೊರಗೆ ನಿಂತವರು ಚೀಟಿಯಲ್ಲಿರೋ ನಂಬರಿನ ಮೇಲೆ ದುಡ್ಡು ಎಣಿಸಿಕೊಳ್ಳುವವರು. ವೇಬ್ರಿಡ್ಜಿಗೆ ಕಾನೂನು ಮಾಪನ ಇಲಾಖೆಯವರು ಕಾಲಕಾಲಕ್ಕೆ ಬಂದು ಪರೀಕ್ಷೆ ಮಾಡಿ ಮುದ್ರೆ ಹಾಕಿ ಹೋಗ್ತಾರೆ. ಮುದ್ರೆ ಇರೋದು ತೂಕಕ್ಕೆ. ಆ ತೂಕವನ್ನು ಕಂಪ್ಯೂಟರಿಗೆ ಹೊತ್ತೊಯ್ಯುವ ಈ ಡಬ್ಬಿಗೆ ಯಾರ ಮುದ್ರೆಯೂ ಇಲ್ಲ. 2016ರ ಕಥೆ ಹೇಳಿದೆ. ನಾಳೆ ಯಾವುದೋ ಅಪ್‌ಡೇಟ್ ಬಂದು ಇಂಥದ್ದೇ ಡ್ರೈವರ್ ಕೂತ್ಕೊಂಡ್ರೆ, ಕೊಯ್ಲಿನ ಸಮಯದಲ್ಲಿ ಹತ್ತು ಗಾಡಿ ಸಾಲಿನಲ್ಲಿ ನಿಂತಿರುವಾಗ ತೂಕದ ಜಾಗದಲ್ಲಿ ಒಂದು ಇಂಗ್ಲಿಷ್ ಸಾಲು ಬಂದ್ರೆ ಏನು ಹೇಳ್ತೀರಿ? ಸೋಲ್ಡರ್ ಹನಿ ಪಿನ್ನನ್ನು ಸರಿ ಮಾಡುತ್ತೆ, ಹೆಸರನ್ನು ಸರಿ ಮಾಡಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು, "ನಮ್ಮಲ್ಲಿ ಚಿಪ್ಪು ಅಂದ್ರೆ ಕಾಯಿ ಚಿಪ್ಪು. ಅಟ್ಟದ್ ಮೇಲೆ ವರ್ಷಗಟ್ಲೆ ಒಣಗ್ಸಿದ್ ಕಾಯಿನ ಅಲ್ಲಾಡ್ಸಿದ್ರೆ ಒಳಗೆ ಉಂಡೆ ಕೊಬ್ರಿ ಆಗೈತೋ ಇಲ್ವೋ ಸದ್ದಲ್ಲೇ ಹೇಳ್ಬೋದು. ನಿನ್ ಚಿಪ್ಪನ್ನ ಅಲ್ಲಾಡ್ಸಿದ್ರೆ ಏನ್ ಗೊತ್ತಾಯ್ತದೆ? ತಗೊಳೋನು ಹೆಂಗ್ ತಿಳ್ಕೊಬೇಕು?"

ಇದಕ್ಕಿಂತ ಒಳ್ಳೇ ಪ್ರಶ್ನೆಯನ್ನು ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ನಾನು ಕೇಳಿಲ್ಲ. ತಗೊಳ್ಳೋನಿಗೆ ತಿಳಿಯಲ್ಲ, ಅದೇ ಸಮಸ್ಯೆ. ಡಬ್ಬಿ ಕೂರಿಸಿದ ಸರ್ವೀಸಿನವನಿಗೂ ತಿಳಿದಿರಲ್ಲ, ಅವನಿಗೆ ಮಾರಿದ ಅಂಗಡಿಯವನಿಗೂ ತಿಳಿದಿರಲ್ಲ. ಎಲ್ಲರೂ ಚಿಪ್ಪಿನ ಮೇಲಿನ ಹೆಸರನ್ನು ಓದಿ ನಂಬಿದವರೇ. ಅಸಲಿ ಚಿಪ್ ಒಂದರ ಬೆಲೆಯೇ ಇಂಥ ಇಡೀ ಬೋರ್ಡಿನ ಬೆಲೆಗಿಂತ ಜಾಸ್ತಿ ಅನ್ನೋದು ಒಂದು ಸುಳಿವು. ಆದ್ರೆ ಆ ಲೆಕ್ಕ ಹಾಕೋಕೆ ಚಿಪ್ಪಿನ ಬೆಲೆ ಗೊತ್ತಿರಬೇಕು.

ಹಾಗಂತ ಅಗ್ಗದ್ದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಮಾವನಿಗೆ ಮುಂದಿನ ವಾರ ನಾನು ಕಳಿಸಿದ್ದು ಸಿಎಚ್340 ಅನ್ನೋ ಚಿಪ್ ಇರುವ ಅಡಾಪ್ಟರು. ಚೀನಾದ ನಾನ್‌ಜಿಂಗ್‌ನ ಡಬ್ಲ್ಯುಸಿಎಚ್ ಕಂಪನಿಯದ್ದು. ಅದೂ ಅಗ್ಗದ್ದೇ. ಅಗ್ಗದ ಆರ್ಡುಯಿನೊ ಬೋರ್ಡು ಕೊಂಡಿದ್ರೆ ನಿಮ್ಮ ಕಾಲೇಜು ಪ್ರಾಜೆಕ್ಟಿನಲ್ಲೂ ಅದೇ ಚಿಪ್ ಇದ್ದಿರಬಹುದು. ಆದ್ರೆ ಅದು ತನ್ನ ಹೆಸರು ತಾನೇ ಹೇಳಿಕೊಳ್ಳುತ್ತೆ, ಅದರ ಡ್ರೈವರನ್ನು ಅದರ ಕಂಪನಿಯೇ ಬರೆಯುತ್ತೆ. ಕೈಕೊಟ್ರೆ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತೆ. ಇನ್ನೊಬ್ಬರ ಸಿಟ್ಟು ನಮ್ಮ ಮೇಲೆ ಬೀಳಲ್ಲ. ಕಡಿಮೆ ದುಡ್ಡಿಗೆ ಒಳ್ಳೇ ಸಾಮಾನು ಮಾಡೋದು ಜಾಣತನ. ಕಡಿಮೆ ದುಡ್ಡಿನ ಸಾಮಾನಿಗೆ ಇನ್ನೊಬ್ಬರ ಹೆಸರು ಮೆತ್ತಿದಾಗ ಉಳಿಯುವ ದುಡ್ಡು ಮಾತ್ರ ಯಾರದ್ದೋ ಜೇಬಿಂದ ಯಾವತ್ತೋ ಹೋಗಲೇಬೇಕಾದ ದುಡ್ಡು. ಮತ್ತೆ ಅದು ಹೋಗೋದು ಯಾವಾಗಲೂ ಸಾಲಿನ ಕೊನೆಯಲ್ಲಿ ನಿಂತವನ ಜೇಬಿಂದ.

ಹಾಗಾಗಿ ನಿಮ್ಮ ಡ್ರಾಯರಿನಲ್ಲೂ ಇಂಥದ್ದೊಂದು ಇದ್ರೆ ಎಸೆಯಬೇಡಿ. ಟಿಎಕ್ಸ್ ಆರ್‌ಎಕ್ಸ್ ಸೇರಿಸಿ ಕೂಗಿ ನೋಡಿ. ವಾಪಸ್ ಬರಲಿಲ್ಲ ಅಂದ್ರೆ 26ನೇ ಕಾಲನ್ನು ನೋಡಿ. ಎರಡು ಇದ್ರೆ ಕ್ರಮಸಂಖ್ಯೆ ಹೋಲಿಸಿ ನೋಡಿ. ನಕಲಿ ಅಂತ ಗೊತ್ತಾದ್ರೆ ಕಲಿಯೋಕೆ, ಆಟಕ್ಕೆ, ಮನೆಯ ಪ್ರಯೋಗಕ್ಕೆ ಧಾರಾಳವಾಗಿ ಬಳಸಿ. ಇ-ತ್ಯಾಜ್ಯದ ಗುಡ್ಡೆಗೆ ಒಂದು ಕಮ್ಮಿಯಾದ್ರೆ ಒಳ್ಳೇದೇ. ಆದ್ರೆ ಇನ್ನೊಬ್ಬರ ಕೂಲಿ, ಇನ್ನೊಬ್ಬರ ರಕ್ತಪರೀಕ್ಷೆಯ ರಿಪೋರ್ಟು, ಇನ್ನೊಬ್ಬರ ಫಸಲಿನ ತೂಕ ಅದರ ಮೂಲಕ ಹಾದುಹೋಗುವ ಕಡೆ ಇಡಬೇಡಿ. ಮಾರುವಾಗಲೋ ಸ್ನೇಹಿತರಿಗೆ ಕೊಡುವಾಗಲೋ ಏನದು ಅಂತ ಹೇಳಿಯೇ ಕೊಡಿ.

ತಿಪಟೂರಿನ ಆ ಕೆಂಪು ಬೋರ್ಡು ಈಗ ನನ್ನ ಹತ್ತಿರ ಇದೆ, ಹದಿನೈದನೆಯದಾಗಿ. ದಿನಾ ಕೆಲಸ ಮಾಡುತ್ತೆ, ಒಂದು ಅಕ್ಷರ ತಪ್ಪಲ್ಲ. ಅದರ ಬೆನ್ನಿಗೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದೀನಿ: 'ನಕಲಿ. ರಿಪೇರಿ ಆಗಿದೆ. ಪ್ರಯೋಗಕ್ಕೆ ಮಾತ್ರ.' ಅದರ ಮೈಮೇಲಿರುವ ಬರಹದಲ್ಲಿ ನಿಜ ಅಂತ ಇರೋದು ಅದೊಂದೇ.